ರೆಸ್ಟೋರ್ ಆದ ಆರ್‌ಡಿ 350 ಕೊಳ್ಳಲೇ, ಮೂಲೆಗೆ ಬಿದ್ದದ್ದನ್ನು ತಂದು ಕಟ್ಟಿಸಲೇ?

ಹಳೆಯ ಬೈಕುಗಳನ್ನು ಕೊಂಡು, ಸರಿಪಡಿಸಿ, ಮಾರುವ ನನಗೆ ತಿಂಗಳಿಗೊಮ್ಮೆಯಾದರೂ ಬರುವ ಫೋನು ಹೀಗಿರುತ್ತದೆ: "ಸರ್, ಪೂರ್ತಿ ರೆಸ್ಟೋರ್ ಮಾಡಿದ ಆರ್‌ಡಿ 350 ಬೈಕ್ ಒಂದು ಮಾರಾಟಕ್ಕಿದೆ, ಬೆಲೆ ಲಕ್ಷಗಳಲ್ಲಿ ಹೇಳುತ್ತಿದ್ದಾರೆ. ಅದನ್ನೇ ತೆಗೆದುಕೊಳ್ಳಲೇ, ಇಲ್ಲವೇ ಎಲ್ಲಾದರೂ ಮೂಲೆಯಲ್ಲಿ ಬಿದ್ದಿರುವುದನ್ನು ಅಗ್ಗಕ್ಕೆ ತಂದು ಕಟ್ಟಿಸಲೇ?" ಎರಡೂ ಬೇಡವೆಂಬುದೇ ನನ್ನ ಉತ್ತರ. ಬಣ್ಣ ಮಾಸಿದ್ದರೂ ಓಡುತ್ತಿರುವ, ಸಣ್ಣಪುಟ್ಟ ಭಾಗಗಳೆಲ್ಲ ಇನ್ನೂ ಮೈಮೇಲೇ ಇರುವ, ಕಾಗದಪತ್ರ ನೆಟ್ಟಗಿರುವ ಗಾಡಿಯನ್ನು ಹುಡುಕಿ, ಅದಕ್ಕಾಗಿ ಒಂದು ವರ್ಷ ಕಾಯಬೇಕಾಗಿ ಬಂದರೂ ಕಾಯಿರಿ.

ಕಾರಣ ತಿಳಿಯಬೇಕಾದರೆ ಈ ಗಾಡಿ ನಮ್ಮಲ್ಲಿ ಬದುಕಿದ ಬಗೆಯನ್ನು ಸ್ವಲ್ಪ ನೋಡಬೇಕು. ಎಪ್ಪತ್ತರ ದಶಕದ ಮೊದಲರ್ಧದಲ್ಲಿ ಯಮಹಾ ಹೊರದೇಶಗಳಲ್ಲಿ ಮಾರುತ್ತಿದ್ದ ಆರ್‌ಡಿ 350 ಅನ್ನು ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ರಾಜ್‌ದೂತ್ 350 ಎಂಬ ಹೆಸರಿನಲ್ಲಿ ಇಲ್ಲಿಗೆ ತಂದಿತು. ಎರಡು ಸಿಲಿಂಡರಿನ, 347 ಸಿಸಿಯ, ಆರು ಗೇರಿನ ಟೂ ಸ್ಟ್ರೋಕ್ ಎಂಜಿನ್ ಅದು. ಮುಂದಿನ ಡಿಸ್ಕ್ ಬ್ರೇಕನ್ನು ತೆಗೆದು ಡ್ರಮ್ ಹಾಕಿದ್ದರು, ಶಕ್ತಿಯನ್ನು 30.5 ಅಶ್ವಶಕ್ತಿಗೆ ಇಳಿಸಿದ್ದರು. ಹಾಗೆ ಇಳಿಸಿದ ಮೇಲೂ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ 16 ಅಶ್ವಶಕ್ತಿಯ ಎಜ್ಡಿ ರೋಡ್‌ಕಿಂಗನ್ನೇ ಜೋರಿನ ಗಾಡಿಯೆಂದು ನಂಬಿದ್ದ ನಮ್ಮ ಕಡೆಯವರಿಗೆ ಇದು ಬೇರೆಯೇ ಲೋಕದ ವಸ್ತುವಾಗಿತ್ತು. ಆದರೆ ಪೆಟ್ರೋಲ್ ಖರ್ಚು ತಾಳದೆ ಜನ ಹಿಂದೆ ಸರಿದರು. ಮೈಲೇಜ್ ಹೆಚ್ಚಲೆಂದು ಶಕ್ತಿಯನ್ನು 27ಕ್ಕೆ ಇಳಿಸಿದ 'ಎಲ್‌ಟಿ' ಮಾದರಿ ಬಂತು, ಮೊದಲಿನದಕ್ಕೆ 'ಎಚ್‌ಟಿ' ಎಂಬ ಹೆಸರು ನಿಂತಿತು. 1985ರಲ್ಲಿ ಯಮಹಾದ ಚಿಕ್ಕ ಬೈಕ್ ಆರ್‌ಎಕ್ಸ್ 100 ಬಂದ ಮೇಲಂತೂ ವೇಗ ಬೇಕೆನ್ನುವ ಹುಡುಗರಿಗೂ ಅಗ್ಗದ ದಾರಿಯೊಂದು ಸಿಕ್ಕಿತು. ದಶಕ ಮುಗಿಯುವ ಹೊತ್ತಿಗೆ ಆರ್‌ಡಿಯ ತಯಾರಿಕೆಯೂ ನಿಂತಿತು.

ಆಮೇಲಿನ ವರ್ಷಗಳಲ್ಲಿ ಈ ಗಾಡಿಗಳಿಗೆ ಬೆಲೆಯೇ ಇರಲಿಲ್ಲ. ಒಂದನ್ನು ಓಡಿಸಲು ಇನ್ನೊಂದನ್ನು ಬಿಚ್ಚುತ್ತಿದ್ದರು. ಎಂಜಿನ್ನಿಗೆ ಎಣ್ಣೆ ಊಡುವ ಆಯಿಲ್ ಪಂಪ್ ಕೆಟ್ಟರೆ ಅದನ್ನು ಕಿತ್ತೆಸೆದು, ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸಿ ಎನ್ನುತ್ತಿದ್ದರು. ಸೈಲೆನ್ಸರ್ ತುಕ್ಕು ಹಿಡಿದರೆ ಸಿಕ್ಕಿದ ಕೊಳವೆಯನ್ನು ಬೆಸೆದು ಕಳಿಸುತ್ತಿದ್ದರು. ಹೀಗೆ ಇಪ್ಪತ್ತು ವರ್ಷ ಕಳೆದ ಗಾಡಿಯೇ ಇಂದು ಫಳಫಳ ಹೊಳೆಯುತ್ತ ಮಾರಾಟಕ್ಕೆ ನಿಂತಿರುತ್ತದೆ. ಆ ಬಣ್ಣದ ಅಡಿಯಲ್ಲಿ ಏನಿದೆಯೆಂದು ಕೊಳ್ಳುವವರಿಗೆ ಕಾಣುವುದಿಲ್ಲ.

ನಾನು ಕೊಂಡ ಮೊದಲ ಆರ್‌ಡಿ ಅಂಥದ್ದೇ. ಟ್ಯಾಂಕಿನ ಬಣ್ಣಕ್ಕೂ ಕ್ರೋಮ್ ಹೊಳಪಿಗೂ ಮರುಳಾಗಿ, ಮಾರಿದವರ ಮಾತನ್ನು ನಂಬಿ, ಎಂಜಿನ್ ಬಗ್ಗೆ ಎರಡನೆಯ ಪ್ರಶ್ನೆ ಕೇಳದೆ ದುಡ್ಡು ಎಣಿಸಿಕೊಟ್ಟೆ. ಮೂರನೆಯ ವಾರ ಕುಣಿಗಲ್ ದಾಟಿ ಹಾಸನದ ಕಡೆಗೆ ಹೋಗುತ್ತಿರುವಾಗ, ಏರು ದನಿಯಲ್ಲಿ ಹಾಡುತ್ತಿದ್ದ ಎಂಜಿನ್ ಏಕಾಏಕಿ ಬಿಗಿದುಕೊಂಡು ಹಿಂದಿನ ಚಕ್ರ ಲಾಕ್ ಆಯಿತು. ಕೈ ತಾನಾಗಿ ಕ್ಲಚ್ ಹಿಡಿದದ್ದರಿಂದ ಬೀಳದೆ ಬದಿಗೆ ಬಂದು ನಿಂತೆ. ಬಿಚ್ಚಿ ನೋಡಿದರೆ ಎಡಗಡೆಯ ಪಿಸ್ಟನ್ ಮೈತುಂಬ ಗೀರು. ಎಣ್ಣೆ ಕಡಿಮೆಯಾಗಿರಲಿಲ್ಲ, ಪಿಸ್ಟನ್ನುಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕಿನ, ಎಡತುದಿಯ ರಬ್ಬರ್ ಸೀಲ್ ಕಲ್ಲಿನಂತೆ ಗಟ್ಟಿಯಾಗಿ ಹೋಗಿತ್ತು.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು, ಅಲ್ಲಿಂದ ಪಿಸ್ಟನ್ನಿನ ಮೇಲಕ್ಕೆ ಹೋಗುತ್ತದೆ. ಆ ಕೋಣೆ ಗಾಳಿಯಾಡದಂತೆ ಮುಚ್ಚಿರಲೇಬೇಕು. ಎಡಗಡೆ, ಅಂದರೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಇರುವ ಬದಿಯಲ್ಲಿ, ಸೀಲ್ ಹಾಳಾದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಮಿತಿಮೀರಿ ಕಾಯುತ್ತದೆ, ಕೊನೆಗೆ ಬಿಗಿದುಕೊಂಡು ಸೀಝ್ ಆಗುತ್ತದೆ. ಬಲಗಡೆ, ಅಂದರೆ ಕ್ಲಚ್ ಬದಿಯಲ್ಲಿ, ಹಾಳಾದರೆ ಗೇರ್‌ಬಾಕ್ಸಿನ ಎಣ್ಣೆಯನ್ನು ಎಂಜಿನ್ ಹೀರಿಕೊಂಡು, ಬಿಸಿಯಾದ ಮೇಲೂ ಬಲಗಡೆಯ ಸೈಲೆನ್ಸರ್ ದಟ್ಟವಾದ ಬಿಳಿ ಹೊಗೆ ಕಾರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ರಬ್ಬರ್ ಒಣಗಿರುವುದು ಬಹುತೇಕ ಖಚಿತ. ಅದನ್ನು ಸರಿಯಾಗಿ ಬದಲಿಸಲು ಎಂಜಿನ್ ಕೆಳಗಿಳಿಸಿ ಎರಡು ಹೋಳು ಮಾಡಬೇಕಾಗುತ್ತದೆ. ಆ ಕೆಲಸ ಹೊರಗೆ ಕಾಣುವುದಿಲ್ಲ, ಫೋಟೋದಲ್ಲಿ ಹೊಳೆಯುವುದಿಲ್ಲ. ಹಾಗಾಗಿ ಮಾರುವುದಕ್ಕೆಂದೇ ಗಾಡಿ ಕಟ್ಟುವವರು ಮೊದಲು ಬಿಡುವುದೇ ಇದನ್ನು.

ಇದನ್ನು ಪರೀಕ್ಷಿಸುವ ದಾರಿ ಸುಲಭ, ಆದರೆ ಮಾರುವವರು ಒಪ್ಪಬೇಕು. ಕಾರ್ಬುರೇಟರ್ ಕೂರುವ ಬಾಯಿಗಳನ್ನೂ ಸೈಲೆನ್ಸರ್ ಸೇರುವ ಬಾಯಿಗಳನ್ನೂ ರಬ್ಬರ್ ಬಿರಡೆಗಳಿಂದ ಮುಚ್ಚಿ, ಕೈಪಂಪಿನಿಂದ 6 ಪಿಎಸ್‌ಐನಷ್ಟು ಮಾತ್ರ ಗಾಳಿ ತುಂಬಿ, ಮೀಟರಿನ ಮುಳ್ಳನ್ನು ಆರು ನಿಮಿಷ ನೋಡಬೇಕು. ಮುಳ್ಳು ನಿಂತಲ್ಲೇ ನಿಂತರೆ ಸೀಲುಗಳು ಸರಿಯಾಗಿವೆಯೆಂದು ನಂಬಬಹುದು. ಇಳಿದರೆ, ಸೋಪಿನ ನೀರು ಸವರಿದಲ್ಲಿ ಗುಳ್ಳೆ ಏಳುವ ಜಾಗವೇ ಉತ್ತರ ಹೇಳುತ್ತದೆ. ನಾನು ಮಾರುವ ಪ್ರತಿ ಗಾಡಿಗೂ ಕೊಳ್ಳುವವರ ಎದುರಿನಲ್ಲೇ ಈ ಪರೀಕ್ಷೆ ಮಾಡಿ ತೋರಿಸುತ್ತೇನೆ. ಎಂಜಿನ್ನನ್ನೂ ಅವರು ಬರುವ ಮೊದಲು ಬಿಸಿ ಮಾಡಿಡುವುದಿಲ್ಲ. ನೀವು ನೋಡಲು ಹೋದಾಗ ಮೊದಲು ಸಿಲಿಂಡರಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ತಣ್ಣಗಾಗುವವರೆಗೆ ಕಾದು, ನೀವೇ ಕಿಕ್ ಹೊಡೆಯಿರಿ.

ಹಾಗಾದರೆ ಅಗ್ಗಕ್ಕೆ ಸಿಗುವ, ಬಿಚ್ಚಿಟ್ಟ ಗಾಡಿಯನ್ನೇ ತಂದು ಎಲ್ಲವನ್ನೂ ಕಣ್ಣೆದುರು ಕಟ್ಟಿಸಿದರೆ ಆಗದೇ ಎನ್ನುತ್ತಾರೆ. ಆಗುತ್ತದೆ, ಆದರೆ ಅದು ಅಗ್ಗವಲ್ಲ. ಪಿಸ್ಟನ್ 0.25 ಮಿಲಿಮೀಟರಿನ ಹೆಜ್ಜೆಗಳಲ್ಲಿ ದೊಡ್ಡ ಅಳತೆಯದು ಸಿಗುತ್ತದೆ, ಅದಕ್ಕೆ ತಕ್ಕಂತೆ ಸಿಲಿಂಡರನ್ನು ಕೊರೆದು ಅಗಲಿಸಿ ಬೋರ್ ಮಾಡಿಸಬಹುದು. ಆದರೆ ಹಿಂದಿನವರು ಆಗಲೇ ಕೊನೆಯ ಅಳತೆಯವರೆಗೆ ಬೋರ್ ಮಾಡಿಸಿಬಿಟ್ಟಿದ್ದರೆ ಬ್ಲಾಕಿಗೇ ಹೊಸ ಸ್ಲೀವ್, ಅಂದರೆ ಒಳಕೊಳವೆ, ಹಾಕಿಸಬೇಕಾಗುತ್ತದೆ. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ, ಹೊಸ ರಾಡ್ ಮತ್ತು ಬೇರಿಂಗ್ ಕೂರಿಸಿ, ಡಯಲ್ ಗೇಜಿಟ್ಟು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ನೇರ ಮಾಡುವ ಕೈಗಳು ಈಗ ಕಡಿಮೆ. ಸಿಕ್ಕವರ ಬಳಿ ಸರದಿ ಉದ್ದ. ಇವೆಲ್ಲವನ್ನೂ ಹೇಗಾದರೂ ಮುಗಿಸಿದಿರಿ ಎನ್ನೋಣ. ಕೊನೆಗೆ ನಿಮ್ಮನ್ನು ಸೋಲಿಸುವುದು ಮೀಟರು, ಸೈಡ್ ಪ್ಯಾನೆಲ್, ಒರಿಜಿನಲ್ ಸೈಲೆನ್ಸರ್, ಹ್ಯಾಂಡಲ್ ಮೇಲಿನ ಸ್ವಿಚ್ಚು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿಯಲ್ಲೂ ನಾನು ಒಂದು ಜೊತೆ ಸೈಡ್ ಪ್ಯಾನೆಲಿಗಾಗಿ ಎಂಟು ತಿಂಗಳು ಅಲೆದಿದ್ದೇನೆ. ಡೂಪ್ಲಿಕೇಟ್ ಸಿಗುತ್ತದೆ, ಆದರೆ ಅಂಚು ಕೂರುವುದಿಲ್ಲ. ಓಡುತ್ತಿರುವ ಮಾಸಲು ಗಾಡಿಯಲ್ಲಿ ಇವೆಲ್ಲ ಇದ್ದೇ ಇರುತ್ತವೆ. ಆ ಬೆಲೆಗೆ ನೀವು ನಿಜವಾಗಿ ಕೊಳ್ಳುವುದು ಇವನ್ನೇ.

ಎಚ್‌ಟಿಯೋ ಎಲ್‌ಟಿಯೋ ಎಂದು ಬಹಳ ಜನ ಚಿಂತಿಸುತ್ತಾರೆ. ಎಲ್‌ಟಿಯನ್ನು ಎಚ್‌ಟಿ ಎಂದು ಹೇಳಿ ಹೆಚ್ಚು ಬೆಲೆಗೆ ಮಾರುವವರು ಇದ್ದಾರೆ, ನಿಜ. ಆದರೆ ರಸ್ತೆಯಲ್ಲಿ ಒಳ್ಳೆಯ ಎಲ್‌ಟಿ ಕೊಡುವ ಸಂತೋಷ ದಣಿದ ಎಚ್‌ಟಿಗಿಂತ ಹೆಚ್ಚು. ಇದಕ್ಕಿಂತ ಹೆಚ್ಚಿನ ಚಿಂತೆ ಕಾಗದಪತ್ರದ ಬಗ್ಗೆ ಇರಲಿ. ಹ್ಯಾಂಡಲ್ ತಿರುಗುವ ಕೊಳವೆಯ ಮೇಲಿನ ಚಾಸಿಸ್ ನಂಬರನ್ನೂ ಎಂಜಿನ್ ನಂಬರನ್ನೂ ಬಟ್ಟೆಯಿಂದ ಒರೆಸಿ, ಆರ್‌ಸಿ ಪುಸ್ತಕದೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಅಂಕಿಗಳ ಸುತ್ತ ಉಜ್ಜಿದ ಗುರುತಿದ್ದರೆ ಮಾತಿಲ್ಲದೆ ಹಿಂದಿರುಗಿ. ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ಮಾಡಿಸಬೇಕಾದ ನೋಂದಣಿ ನವೀಕರಣ ಬಾಕಿಯಿದ್ದರೆ, ಮಾರುವವರೇ ಮುಗಿಸಿಕೊಡಲೆಂದು ಕೇಳಿ. ಮಾಲೀಕರು ತೀರಿಕೊಂಡಿದ್ದರೆ, ವಾರಸುದಾರರು 31ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡ ಮೇಲೆಯೇ ನಿಮ್ಮ ಹೆಸರಿಗೆ ವರ್ಗಾಯಿಸುವ 29 ಮತ್ತು 30ನೇ ನಮೂನೆಗಳಿಗೆ ಸಹಿ ಮಾಡಿಸಿಕೊಳ್ಳಿ. ಹೊರರಾಜ್ಯದ ಗಾಡಿಯಾದರೆ ನಿರಾಕ್ಷೇಪಣಾ ಪತ್ರವೂ ಇಲ್ಲಿನ ತೆರಿಗೆಯೂ ಸೇರಿಕೊಳ್ಳುತ್ತವೆ. 'ಕೆಎ' ಸರಣಿ ಬರುವ ಮುನ್ನಿನ ಮೂರಕ್ಷರದ ನಂಬರ್ ಪ್ಲೇಟ್ ಇರುವ ನಮ್ಮದೇ ಊರಿನ ಗಾಡಿ ಸಿಕ್ಕರೆ, ನನ್ನ ಮಟ್ಟಿಗೆ ಅದಕ್ಕೆ ಸ್ವಲ್ಪ ಹೆಚ್ಚೇ ಕೊಡಬಹುದು.

ಮಾರುವವರಿಗೂ ಒಂದು ಮಾತು ಹೇಳಬೇಕು, ಏಕೆಂದರೆ ಇಂದು ಕೊಂಡವರು ಮುಂದೊಂದು ದಿನ ಮಾರುತ್ತಾರೆ. ನಾನು ಪ್ರತಿ ಗಾಡಿಗೂ ಒಂದು ನೋಟ್‌ಬುಕ್ ಇಡುತ್ತೇನೆ. ಬಿಚ್ಚಿದಾಗಿನ ಫೋಟೋಗಳು, ಪಿಸ್ಟನ್ನಿನ ಅಳತೆ, ಸೀಲ್ ಬದಲಿಸಿದ ದಿನ, ಯಾವ ಭಾಗ ಒರಿಜಿನಲ್, ಯಾವುದು ಡೂಪ್ಲಿಕೇಟ್ ಎಂಬುದೆಲ್ಲ ಅದರಲ್ಲಿರುತ್ತದೆ. ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಹಳೆಯ ಬಗೆಯ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದರೆ ಹಳೆಯ ಪಾಯಿಂಟ್ ಪ್ಲೇಟನ್ನು ಡಬ್ಬಿಯಲ್ಲಿಟ್ಟು ಜೊತೆಗೇ ಕೊಡುತ್ತೇನೆ. ಕಳೆದ ಬಾರಿ ಮಾರಿದ ಗಾಡಿಯ ಟ್ಯಾಂಕಿನ ಕೆಳಗೆ ಅಂಗೈಯಗಲ ಪುಟ್ಟಿ ಇದ್ದುದನ್ನೂ ಬರೆದಿದ್ದೆ. ಕೊಳ್ಳಲು ಬಂದವರು ಆ ಪುಟವನ್ನು ಎರಡು ಸಲ ಓದಿ, ಅಯಸ್ಕಾಂತ ಹಿಡಿದು ಅದೇ ಜಾಗವನ್ನು ಮುಟ್ಟಿ ನೋಡಿ, ಬೆಲೆಯಲ್ಲಿ ಒಂದಿಷ್ಟು ಇಳಿಸಿಕೊಂಡು, ಅಂದೇ ಸಂಜೆ ಗಾಡಿ ಓಡಿಸಿಕೊಂಡು ಹೋದರು.