ರೈನ್ ನದಿಯ ಆಚೆ ದಡ, ಈಚೆ ದಡ

ರಜೆಗೆ ಊರಿಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ. "ನೀನು ಓದೋದು ಫ್ರಾನ್ಸಲ್ಲೋ, ಜರ್ಮನೀಲೋ?" ಎರಡೂ ಕಡೆ ಅಂದರೆ ಯಾರೂ ನಂಬುವುದಿಲ್ಲ. ಒಂದು ಕಡೆ ಫೇಲಾಗಿ ಇನ್ನೊಂದು ಕಡೆ ಸೇರಿರಬೇಕು ಅನ್ನುವ ಹಾಗೆ ನೋಡುತ್ತಾರೆ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಇದನ್ನು ವಿವರಿಸುವುದು ಕಷ್ಟ, ಅರ್ಧಕ್ಕೆ ಆಗುಂಬೆ ಬಸ್ಸು ಬಂದುಬಿಡುತ್ತದೆ. ಈಚೆಗೆ ಪಿಯುಸಿ ಸೈನ್ಸ್ ಮಕ್ಕಳೂ ಕೇಳುತ್ತಿದ್ದಾರೆ. ಅದಕ್ಕೇ ಒಮ್ಮೆ ಬರೆದು ಇಡುತ್ತಿದ್ದೇನೆ.

ಕೋರ್ಸಿನ ಹೆಸರು ರೆಜಿಯೊ ಕಿಮಿಕಾ. ಫ್ರಾನ್ಸಿನ ಮುಲೂಜ್ ಊರಿನ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯ ಸೇರಿ ನಡೆಸುವ ಮೂರು ವರ್ಷದ ಕೆಮಿಸ್ಟ್ರಿ ಡಿಗ್ರಿ. ಶುರು ಮುಲೂಜ್‌ನಲ್ಲಿ, ಆಮೇಲೆ ಇಡೀ ಬ್ಯಾಚು ಗಂಟುಮೂಟೆ ಕಟ್ಟಿಕೊಂಡು ಫ್ರೈಬುರ್ಗ್‌ಗೆ. ನಡುವೆ ಸುಮಾರು 60 ಕಿಲೋಮೀಟರ್. ಶಿವಮೊಗ್ಗದಿಂದ ತೀರ್ಥಹಳ್ಳಿ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ. ಆದರೆ ದಾರಿಯಲ್ಲಿ ರೈನ್ ನದಿ ಇದೆ, ಅದೇ ಗಡಿ. ಕೊನೆಗೆ ಎರಡು ಡಿಗ್ರಿ, ಫ್ರಾನ್ಸಿನ ಲಿಸಾನ್ಸ್ ಒಂದು, ಜರ್ಮನಿಯ ಬ್ಯಾಚುಲರ್ ಆಫ್ ಸೈನ್ಸ್ ಒಂದು. ಇಂಥ ಜೋಡಿ ಕೋರ್ಸುಗಳನ್ನು ನೋಡಿಕೊಳ್ಳಲು ಫ್ರಾಂಕೋ-ಜರ್ಮನ್ ವಿಶ್ವವಿದ್ಯಾಲಯ ಅಂತಲೇ ಒಂದು ಇದೆ, ಕಚೇರಿ ಸಾರ್‌ಬ್ರುಕೆನ್‌ನಲ್ಲಿ. ಹೆಸರಿಗೆ ವಿಶ್ವವಿದ್ಯಾಲಯ, ಸ್ವಂತ ಕ್ಯಾಂಪಸ್ಸೇ ಇಲ್ಲ. ಎರಡು ದೇಶದ ಕಾಲೇಜುಗಳನ್ನು ಜೋಡಿಸುವುದೇ ಅದರ ಕೆಲಸ.

ಮಾರ್ಕ್ಸ್ ವಿಷಯ ಮೊದಲು ಮುಗಿಸುತ್ತೇನೆ, ಮನೆಯಲ್ಲಿ ಜಾಸ್ತಿ ಗಲಾಟೆ ಆಗಿದ್ದು ಅದಕ್ಕೇ. ಫ್ರಾನ್ಸಿನಲ್ಲಿ ಮಾರ್ಕು 20ಕ್ಕೆ. 10 ಬಂದರೆ ಪಾಸು, 14 ಬಂದರೆ ಚೆನ್ನಾಗಿದೆ, 16 ದಾಟಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ಜರ್ಮನಿಯಲ್ಲಿ ಉಲ್ಟಾ. 1.0 ಎಲ್ಲಕ್ಕಿಂತ ಮೇಲು, 4.0 ಕಡೇ ಪಾಸು, 5.0 ಅಂದ್ರೆ ಫೇಲು. ಮೊದಲ ವರ್ಷ ನನಗೆ 13 ಬಂತು ಅಂತ ಅಜ್ಜಿ ನೆಂಟರ ಹತ್ತಿರ ಹೇಳಲೋ ಬೇಡವೋ ಅಂತ ಒದ್ದಾಡಿದ್ದರು. ಮುಂದಿನ ಸಲ ಫೋನ್ ಮಾಡಿ "1.7" ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ, "ಹದಿಮೂರರಿಂದ ಒಂದಕ್ಕೆ ಇಳೀತಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯೋ ಇಲ್ವೋ?"

ಕನ್ಸಲ್ಟೆನ್ಸಿಗಳು ಇಂಥ ಕೋರ್ಸನ್ನು "ಒಂದೇ ಖರ್ಚಿಗೆ ಎರಡು ಸರ್ಟಿಫಿಕೇಟ್" ಅಂತ ಮಾರುತ್ತಾರೆ. ನನ್ನ ಮಟ್ಟಿಗೆ ಸರ್ಟಿಫಿಕೇಟು ಇದರಲ್ಲಿ ಸಣ್ಣ ವಿಷಯ. ಒಂದೇ ಕೆಮಿಸ್ಟ್ರಿಯನ್ನು ಎರಡು ಥರದ ಮೇಷ್ಟ್ರುಗಳ ಕೈಯಲ್ಲಿ ಕಲಿಯುವುದೇ ಇದರ ನಿಜವಾದ ಲಾಭ. ಅದು ಬ್ರೋಷರಿನಲ್ಲಿ ಬರುವುದಿಲ್ಲ. ಮೈಲುತುತ್ತದ ಉದಾಹರಣೆಯನ್ನೇ ಕೊಡುತ್ತೇನೆ, ಅಡಿಕೆ ತೋಟದವರಿಗೆ ಅದು ಗೊತ್ತಿರುವ ವಸ್ತು.

ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ಅದರ ನೀಲಿ ನೀರಿಗೆ ಅಮೋನಿಯ ಹನಿ ಹನಿಯಾಗಿ ಹಾಕಿ. ಮೊದಲು ತೆಳು ನೀಲಿ ಗಸಿ ಕೂರುತ್ತದೆ. ಇನ್ನೂ ಹಾಕುತ್ತಾ ಹೋದರೆ ಆ ಗಸಿ ಕರಗಿ, ಟೆಸ್ಟ್ ಟ್ಯೂಬ್ ಪೂರ್ತಿ ಕಡು ನೀಲಿ. ಸಾಲ್ಟ್ ಅನಾಲಿಸಿಸ್, ಅಂದರೆ ಕೊಟ್ಟ ಲವಣ ಯಾವುದು ಅಂತ ಪತ್ತೆ ಮಾಡುವ ಪ್ರಾಕ್ಟಿಕಲ್, ಮಾಡಿದ ಎಲ್ಲರೂ ಇದನ್ನು ನೋಡಿರುತ್ತೀರಿ. ಶಿವಮೊಗ್ಗದ ಪಿಯುಸಿ ಲ್ಯಾಬಿನಲ್ಲಿ ನಾವು "ಡೀಪ್ ಬ್ಲೂ ಸೊಲ್ಯೂಷನ್, ಕಾಪರ್ ಕನ್ಫರ್ಮ್ಡ್" ಅಂತ ರೆಕಾರ್ಡಿನಲ್ಲಿ ಬರೆದು, ಅದನ್ನು ಸಿಂಕಿಗೆ ಚೆಲ್ಲಿ, ಮುಂದಿನ ಸಾಲ್ಟ್ ಎತ್ತಿಕೊಳ್ಳುತ್ತಿದ್ದೆವು.

ಮುಲೂಜ್‌ನಲ್ಲಿ ಇದೇ ನೀಲಿ ಬೋರ್ಡಿನ ಮೇಲೆ ಬಂತು. ಬಣ್ಣ ಯಾಕೆ ಬದಲಾಯಿತು? ತಾಮ್ರದ ಅಯಾನಿನ ಸುತ್ತ ನೀರಿನ ಅಣುಗಳಿದ್ದಾಗ ಅದು ಹೀರಿಕೊಳ್ಳುವುದು ಮುಖ್ಯವಾಗಿ 800 ನ್ಯಾನೋಮೀಟರ್ ಆಸುಪಾಸಿನ ತರಂಗದ, ಅಂದರೆ ಕೆಂಪಿನ ಆಚೆಯ, ಬೆಳಕನ್ನು. ನೀರನ್ನು ಸರಿಸಿ ಅಮೋನಿಯ ಕೂತರೆ ತಾಮ್ರದ ಎಲೆಕ್ಟ್ರಾನುಗಳು ಇರುವ ಜಾಗಗಳಾದ ಡಿ ಆರ್ಬಿಟಲ್‌ಗಳ ಶಕ್ತಿಯ ಅಂತರ ಹಿಗ್ಗುತ್ತದೆ, ಹೀರುವ ಬೆಳಕು 600ರ ಕಡೆಗೆ ಸರಿಯುತ್ತದೆ. ಹಳದಿ, ಕಿತ್ತಳೆ, ಕೆಂಪು ಹೋಗಿ ನಮ್ಮ ಕಣ್ಣಿಗೆ ಉಳಿಯುವುದು ಆ ಕಡು ನೀಲಿ. ಇಷ್ಟನ್ನು ನಾನು ಎರಡು ಮಾತಿನಲ್ಲಿ ಹೇಳಿದೆ. ಅಲ್ಲಿ ಬೋರ್ಡು ತುಂಬಿ, ಒರೆಸಿ, ಮತ್ತೆ ತುಂಬಿತು. ಗಣಿತ ಬಾರದಿದ್ದರೆ ಮುಂದಿನ ಸಾಲಿಗೇ ಬಿಡುವುದಿಲ್ಲ. ಪರೀಕ್ಷೆಯಲ್ಲಿ ಉತ್ತರ ಸರಿ ಬಂದು ಮಧ್ಯದ ಹೆಜ್ಜೆ ಇಲ್ಲದಿದ್ದರೆ ಮಾರ್ಕೂ ಇಲ್ಲ.

ಫ್ರೈಬುರ್ಗ್‌ನಲ್ಲಿ ಅದೇ ನೀಲಿಯನ್ನು ಮಾಡಿ ತಾ ಅಂದರು. ಶುರು ಮಾಡುವ ಮೊದಲು ಅಸಿಸ್ಟೆಂಟ್ ಎದುರು ನಿಂತು ಬಾಯಿಪರೀಕ್ಷೆ. ಈ ಅಮೋನಿಯ ಎಷ್ಟು ಗಾಢ, ಕಣ್ಣಿಗೆ ಬಿದ್ದರೆ ಏನು ಮಾಡ್ತೀಯ, ಉಳಿದದ್ದನ್ನು ಎಲ್ಲಿ ಹಾಕ್ತೀಯ. ಇದಕ್ಕೆ ತಡವರಿಸಿದರೆ ಆ ದಿನ ಲ್ಯಾಬಿನ ಒಳಗೇ ಬಿಡುವುದಿಲ್ಲ. ಆಮೇಲೆ ಕಡು ನೀಲಿ ದ್ರಾವಣದ ಮೇಲೆ ಮೆಲ್ಲಗೆ ಎಥನಾಲ್ ಸುರಿಯಬೇಕು, ಎರಡೂ ಒಮ್ಮೆಗೇ ಬೆರೆಯದ ಹಾಗೆ. ಬಿಟ್ಟಿಟ್ಟರೆ ಎರಡು ಪದರ ಸೇರುವ ಜಾಗದಲ್ಲಿ ಹರಳು ಕಟ್ಟಲು ಶುರು. ಸೂಜಿ ಸೂಜಿಯಾಗಿ, ಶಾಯಿ ಬಣ್ಣ. ಸೋಸಿ, ಒಣಗಿಸಿ, ತೂಗಿ, ಲೆಕ್ಕದ ಪ್ರಕಾರ ಎಷ್ಟು ಬರಬೇಕಿತ್ತು, ಎಷ್ಟು ಬಂತು, ಉಳಿದದ್ದು ಎಲ್ಲಿ ಹೋಯಿತು ಅಂತ ಬರೆಯಬೇಕು. ನೂರಕ್ಕೆ ನೂರಕ್ಕಿಂತ ಜಾಸ್ತಿ ಬಂದರೆ ಇನ್ನೂ ಕಷ್ಟ. ಒದ್ದೆ ಹರಳನ್ನೇ ತೂಗಿದ್ದೀಯ ಅಂತ ಅವರಿಗೆ ಗೊತ್ತಾಗುತ್ತದೆ.

ಇಲ್ಲಿ ನಮ್ಮ ಪಿಯುಸಿ ಪ್ರಾಕ್ಟಿಕಲ್ಸ್ ಕೈಹಿಡಿಯಿತು ಅಂತ ಹೇಳಲೇಬೇಕು. ಪರ್ಮಾಂಗನೇಟ್ ಟೈಟ್ರೇಷನ್, ಅಂದರೆ ಬಣ್ಣ ತಿರುಗುವವರೆಗೆ ಹನಿ ಹನಿ ಬಿಟ್ಟು ಅಳೆಯುವುದು, ಮಾಡೀ ಮಾಡೀ ಬ್ಯೂರೆಟ್ ಅನ್ನುವ ಅಳತೆ ಕೊಳವೆಯ ನಲ್ಲಿ ತಿರುಗಿಸುವುದು ನನಗೆ ಕೈಗೇ ಬಂದಿತ್ತು. ಪಕ್ಕದ ಬೆಂಚಿನ ಜಾಣರು ಥಿಯರಿಯಲ್ಲಿ ನನ್ನನ್ನು ಹಿಂದೆ ಹಾಕಿದವರು, ಎಂಡ್ ಪಾಯಿಂಟ್ ದಾಟಿಸಿ ಗುಲಾಬಿ ಶರಬತ್ತು ಮಾಡಿ ಕೂತಿರುತ್ತಿದ್ದರು.

ಮುಲೂಜ್‌ನಲ್ಲಿ ಕೆಮಿಸ್ಟ್ರಿ ಯಾಕೆ ಇಷ್ಟು ಹಳೆಯದು ಅನ್ನುವುದಕ್ಕೂ ನಮಗೂ ನಂಟಿದೆ. ನಮ್ಮ ದೇಶದಿಂದ ಹೋದ ಅಚ್ಚಿನ ಹತ್ತಿ ಬಟ್ಟೆಗೆ ಯೂರೋಪು ಮರುಳಾಗಿತ್ತು. ತನ್ನ ರೇಷ್ಮೆ, ಉಣ್ಣೆಯವರನ್ನು ಉಳಿಸಿಕೊಳ್ಳಲು ಫ್ರಾನ್ಸ್ 1686ರಲ್ಲಿ ಆ ಬಟ್ಟೆಯನ್ನೇ ನಿಷೇಧಿಸಿತು. ಮುಲೂಜ್ ಆಗ ಫ್ರಾನ್ಸಿಗೆ ಸೇರಿರಲಿಲ್ಲ, ಸ್ವಿಸ್ ಗೆಳೆತನದ ಸ್ವತಂತ್ರ ಊರು. ಅಲ್ಲಿಯ ವ್ಯಾಪಾರಿಗಳು ಸುಮ್ನೆ ಕೂರದೆ 1746ರಲ್ಲಿ ತಾವೇ ಅಚ್ಚು ಹಾಕಲು ಶುರು ಮಾಡಿದರು. ಆ ಬಟ್ಟೆಗೆ ಅಲ್ಲಿದ್ದ ಹೆಸರು ಇಂಡಿಯೆನ್. ಬಣ್ಣ ನಿಲ್ಲಬೇಕಾದರೆ ರಸಾಯನ ಬಲ್ಲವರು ಬೇಕು, ಹಾಗಾಗಿ 1822ರಲ್ಲೇ ಅಲ್ಲಿ ಕೆಮಿಸ್ಟ್ರಿ ಶಾಲೆ. ಊರಿನ ಅಚ್ಚು ಬಟ್ಟೆ ಮ್ಯೂಸಿಯಂನಲ್ಲಿ ನಮ್ಮಜ್ಜಿಯ ಹಳೇ ಹೊದಿಕೆಯ ಮಾವಿನಕಾಯಿ ಡಿಸೈನೇ ಗಾಜಿನ ಒಳಗಿತ್ತು. ಫೋಟೋ ಕಳಿಸಿದೆ. "ನಮ್ಮದು ಇನ್ನೂ ಚೆನ್ನಾಗಿದೆ" ಅಂತ ಉತ್ತರ ಬಂತು.

ಪಿಯುಸಿ ಪುಸ್ತಕದಲ್ಲಿ ಬರುವ ವರ್ನರ್ ಥಿಯರಿಯ ಆಲ್ಫ್ರೆಡ್ ವರ್ನರ್ ಹುಟ್ಟಿದ್ದು ಇದೇ ಮುಲೂಜ್‌ನಲ್ಲಿ, 1866ರಲ್ಲಿ. ಹುಟ್ಟಿದಾಗ ಊರು ಫ್ರಾನ್ಸಿನದು, ಶಾಲೆಗೆ ಹೋಗುವ ಹೊತ್ತಿಗೆ ಜರ್ಮನಿಯದು. ಮನೆಯಲ್ಲಿ ಫ್ರೆಂಚ್, ಬರೆದದ್ದೆಲ್ಲ ಹೆಚ್ಚಾಗಿ ಜರ್ಮನ್‌ನಲ್ಲಿ, ಮೇಷ್ಟ್ರಾಗಿದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. 1913ರಲ್ಲಿ ನೊಬೆಲ್ ಬಂತು. ಆ ಕಡು ನೀಲಿಯಲ್ಲಿ ತಾಮ್ರ ನಡುವೆ, ಅಮೋನಿಯ ಸುತ್ತ ಅಂತ ನಾವು ಇವತ್ತು ಆರಾಮಾಗಿ ಬರೆಯುವುದು ಅವರಿಂದಾಗಿ.

ಇನ್ನು ನಮ್ಮ ತೋಟಕ್ಕೆ ಬರೋಣ. ಈ ಸಲ ಆಗಸ್ಟಿನಲ್ಲಿ ಮಳೆ ಒಂಚೂರು ಹೊಳವಾದಾಗ ಅಪ್ಪ ಅಡಿಕೆಕಾಯಿ ಉದುರಿಸುವ ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಸಿದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಬೋರ್ಡೋ ದ್ರಾವಣ. ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರು ಬಿಡುತ್ತಾ ಕೋಲಿನಲ್ಲಿ ತಿರುವಿದರು. ಆಮೇಲೆ ಸೊಂಟದಿಂದ ಕತ್ತಿ ತೆಗೆದು ಅದರ ತುದಿಯನ್ನು ಅದ್ದಿ ಹಿಡಿದರು. ಎತ್ತಿದಾಗ ಅಲಗಿನ ಮೇಲೆ ಕೆಂಪು ಕಂದು ಬಣ್ಣ ಕೂತಿತ್ತು. "ಸುಣ್ಣ ಸಾಲ್ದು" ಅಂದು ಇನ್ನಷ್ಟು ಹಾಕಿದರು. ಮತ್ತೆ ಅದ್ದಿದರು. ಕತ್ತಿ ಕತ್ತಿಯ ಬಣ್ಣದಲ್ಲೇ ಇತ್ತು.

ಕರಗಿದ ತಾಮ್ರ ಇನ್ನೂ ನೀರಿನಲ್ಲಿ ಉಳಿದಿದ್ದರೆ ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ಕೂರಿಸುತ್ತದೆ. ಆ ದ್ರಾವಣ ಎಳೆ ಕಾಯಿಯನ್ನು ಸುಡುತ್ತದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಗಸಿಯಾಗಿರುತ್ತದೆ, ಕತ್ತಿಗೆ ಏನೂ ಸಿಗುವುದಿಲ್ಲ. ಎಲೆಕ್ಟ್ರೋಕೆಮಿಸ್ಟ್ರಿಯ ಇಡೀ ಅಧ್ಯಾಯ. ನಾನು ಇದನ್ನು ವಿವರಿಸಲು ಹೋದೆ. ಅಪ್ಪ ಕೇಳಿಸಿಕೊಂಡು, "ಸರಿ, ಆ ಪೈಪ್ ಹಿಡ್ಕೋ" ಅಂದರು.

ಈ ಔಷಧಿಯೇ ಎರಡು ದೇಶ ಸುತ್ತಿ ಬಂದದ್ದು. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳಬಾರದು ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಾಗಿಲ್ಲ ಅನ್ನುವುದನ್ನು ಗಮನಿಸಿದವರು ಮಿಲಾರ್ಡೆ ಅನ್ನುವ ಪ್ರೊಫೆಸರ್. ಅದನ್ನು ನಮ್ಮ ಕೊಳೆರೋಗಕ್ಕೆ ತಂದವರು ಲೆಸ್ಲಿ ಕೋಲ್ಮನ್. ಕೆನಡಾದವರು, ಜರ್ಮನಿಯಲ್ಲಿ ಡಾಕ್ಟರೇಟ್ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ದ್ರಾಕ್ಷಿಯ ರೋಗಾಣು, ಕೊಳೆಯ ರೋಗಾಣು ಎರಡೂ ಒಂದೇ ದೊಡ್ಡ ಗುಂಪಿನವು, ನೀರಿನಲ್ಲಿ ಈಜಿ ಹರಡುತ್ತವೆ. ಮಳೆ ಜೋರಾದಷ್ಟೂ ಅವಕ್ಕೆ ಹಬ್ಬ.

ಔಷಧಿ ಹೊಡೆಯುವಾಗಲೇ ನಮ್ಮಿಬ್ಬರಿಗೆ ಜಟಾಪಟಿ ಆಯಿತು. ಫ್ರೈಬುರ್ಗ್ ಲ್ಯಾಬಿನಲ್ಲಿ ತಾಮ್ರದ ನೀರು ಒಂದು ಹನಿ ಸಿಂಕಿಗೆ ಬೀಳುವಂತಿಲ್ಲ, ಭಾರಲೋಹದ ಡಬ್ಬಿಗೇ ಹೋಗಬೇಕು. ಯೂರೋಪಿನ ತೋಟಗಳಲ್ಲೂ ಲೆಕ್ಕ ಇದೆ. 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ, ಅದಕ್ಕಿಂತ ಜಾಸ್ತಿ ಇಲ್ಲ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ಮಣ್ಣಿನಲ್ಲೇ ಕೂತಿರುತ್ತದೆ. ಇಷ್ಟು ಹೇಳಿದ್ದಕ್ಕೆ ಅಪ್ಪ, "ಕೊಳೆ ಬಂದು ಉದುರಿದ ಮೇಲೆ ನಿಮ್ಮ ಯೂರೋಪಿನವರು ಅಡಿಕೆ ತಂದುಕೊಡ್ತಾರಾ?" ಅಂದರು. ಉತ್ತರ ಇರಲಿಲ್ಲ. ಅವರು ಹೇಳಿದ್ದೂ ಸರಿ, ಲೆಕ್ಕವೂ ಸರಿ. ಕಡೆಯ ವರ್ಷದ ಪ್ರಾಜೆಕ್ಟಿಗೆ ಮಣ್ಣಿನ ತಾಮ್ರವನ್ನು ಅಳೆಯುವ ವಿಷಯ ಕೇಳಬೇಕು ಅಂತ ಆಗಲೇ ತೀರ್ಮಾನ ಮಾಡಿದೆ. ನಮ್ಮ ತೋಟದ ಮಣ್ಣನ್ನೇ ಒಯ್ಯೋಣ ಅಂದರೆ ಕಸ್ಟಮ್ಸ್‌ನವರು ಬಿಡುವುದಿಲ್ಲ, ಅಲ್ವಾ? ಅಲ್ಲಿಯ ದ್ರಾಕ್ಷಿ ತೋಟದ್ದೇ ಆಗಬೇಕು.

ಕಷ್ಟದ ಮಾತು ಚಿಕ್ಕದಾಗಿ. ತರಗತಿಯ ಉಳಿದವರಿಗೆ ರೈನ್ ದಾಟುವುದು ಅಂದ್ರೆ ರೈಲು ಹತ್ತುವುದು. ನನಗೆ ಅದು ಇನ್ನೊಂದು ದೇಶದ ಪರವಾನಗಿ, ಇನ್ನೊಂದು ಫೈಲು. ಒಂದು ಕಚೇರಿಯಲ್ಲಿ ನನ್ನ ಕಾಗದ ಎಷ್ಟು ದಿನ ಮಲಗಿತ್ತು ಅಂದರೆ, ಮನೆ ಬಾಡಿಗೆ ಕರಾರಿಗೆ ಅದು ಬೇಕು, ಅದಕ್ಕೆ ಮನೆ ಕರಾರು ಬೇಕು ಅಂತ ಎರಡೂ ಕಡೆ ಓಡಾಡಿದೆ. ಹಾಗಾಗಿ ಬರುವವರು ಮುಂದಿನ ವರ್ಷದ ಕಾಗದಪತ್ರವನ್ನು ಹಿಂದಿನ ವರ್ಷವೇ ಶುರು ಮಾಡಿ.

ಭಾಷೆಗೆ ಹೆದರಬೇಡಿ. ಮುಲೂಜ್‌ನಲ್ಲಿ ಜರ್ಮನ್ ಹುಡುಗರು ಪೆಚ್ಚು, ಫ್ರೈಬುರ್ಗ್‌ನಲ್ಲಿ ಫ್ರೆಂಚರು ಪೆಚ್ಚು, ನಾನು ಎರಡೂ ಕಡೆ ಪೆಚ್ಚು. ಎಲ್ಲರೂ ಒಂದಲ್ಲ ಒಂದು ದಿನ ತೊದಲಿದವರೇ ಆದ್ದರಿಂದ ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ಯಾವುದನ್ನು ಮೊದಲು ಕಲಿಯಲಿ ಅಂತ ಕೇಳಿದವರಿಗೆ ನನ್ನ ಉತ್ತರ ಫ್ರೆಂಚ್, ಯಾಕಂದ್ರೆ ಬೋರ್ಡು ತುಂಬಿಸುವವರು ಅವರು. ಜರ್ಮನ್ನಿನಲ್ಲಿ ಮೊದಲು ಲ್ಯಾಬಿನ ಸುರಕ್ಷತಾ ನಿಯಮ ಓದಿ ಅರ್ಥ ಮಾಡಿಕೊಳ್ಳುವಷ್ಟು ಬಂದರೆ ಸಾಕು. ಬೆಂಗಳೂರಿನಲ್ಲಿ ಎರಡಕ್ಕೂ ತರಗತಿಗಳಿವೆ. ಊರಿಂದಲೇ ಆನ್‌ಲೈನ್‌ನಲ್ಲೂ ಕಲಿಯಬಹುದು, ಆದರೆ ಮಳೆಗಾಲದ ಬ್ಯಾಚಿಗೆ ಸೇರಬೇಡಿ. ನಮ್ಮ ಕಡೆ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಅಷ್ಟರಲ್ಲಿ ಅವರು ಭೂತಕಾಲ ಮುಗಿಸಿರುತ್ತಾರೆ.