ಅಂಟು ಹಾಕುವ ಮೊದಲು ಮೂಗಿಗೆ ತೂಕ
ಹಾಸನದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಆರ್ಡರ್ ಮೇಲೆ ವಿಮಾನದ ಮಾಡೆಲ್ ಜೋಡಿಸಿ, ಬಣ್ಣ ಹೊಡೆದು ಕೊಡುತ್ತೇವೆ. ಏರ್‌ಫೋರ್ಸ್‌ನಿಂದ ರಿಟೈರ್ ಆದವರು, ಅವರ ಮಕ್ಕಳು ಜಾಸ್ತಿ ಬರುತ್ತಾರೆ. ಕೇಳುವುದೆಲ್ಲ ಹಳೇ ಜೆಟ್‌ಗಳನ್ನೇ: ವ್ಯಾಂಪೈರ್, ತೂಫಾನಿ, ಹಂಟರ್, ನ್ಯಾಟ್.

ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ತೂಕದ ಲೆಕ್ಕ. ಮೂಗಿನೊಳಗೆ ಸಾಕಷ್ಟು ಭಾರ ಇಲ್ಲದಿದ್ದರೆ ಮಾಡೆಲ್ ಬಾಲ ಊರಿ ಕೂತುಬಿಡುತ್ತದೆ, ಮುಂದಿನ ಚಕ್ರ ಮೇಲೇಳುತ್ತದೆ. ಎಷ್ಟು ಚೆಂದ ಬಣ್ಣ ಹೊಡೆದರೂ ಆಗ ನೋಡೋಕಾಗಲ್ಲ.

ಸ್ಪಿಟ್‌ಫೈರ್, ಹರಿಕೇನ್‌ನಂಥ ಹಳೇ ಪ್ರೊಪೆಲ್ಲರ್ ವಿಮಾನಗಳಿಗೆ ಈ ತಾಪತ್ರಯ ಇಲ್ಲ. ಅವುಗಳ ಪುಟ್ಟ ಚಕ್ರ ಬಾಲದಲ್ಲೇ ಇದೆ. ಜರ್ಮನಿಯ ಜೆಟ್ ಮೆಸ್ಸರ್‌ಶ್ಮಿಟ್ 262ರ ಮೊದಮೊದಲ ವಿಮಾನಗಳಿಗೂ ಹಾಗೇ ಇತ್ತು. 1942ರ ಜುಲೈ 18ರಂದು ಅದು ಮೊದಲ ಸಲ ಬರೀ ಜೆಟ್ ಎಂಜಿನ್‌ಗಳಿಂದ ಹಾರಿತು. ಬಾಲದ ಮೇಲೆ ಬೀಸೋಕೆ ಪ್ರೊಪೆಲ್ಲರ್ ಗಾಳಿ ಇಲ್ಲ ಅಲ್ವಾ, ಪೈಲಟ್ ಫ್ರಿಟ್ಜ್ ವೆಂಡೆಲ್ ಓಟದ ಮಧ್ಯೆ ಬ್ರೇಕ್ ತಟ್ಟಿ ಬಾಲ ಎತ್ತಬೇಕಾಯಿತು. ಆಮೇಲೆ ಚಕ್ರವನ್ನು ಮೂಗಿನ ಕೆಳಗೆ ತಂದರು.

ಅತಿ ಕಷ್ಟದ್ದು ವ್ಯಾಂಪೈರ್. 1948ರಲ್ಲಿ ನಮ್ಮ ವಾಯುಪಡೆಗೆ ಬಂದ ಮೊದಲ ಜೆಟ್ ಅದು, ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಯಿತು. 1/72 ಅಳತೆಯಲ್ಲಿ, ಅಂದರೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು ಉದ್ದಕ್ಕೆ ಮಾಡಿದರೆ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 16 ಸೆಂಟಿಮೀಟರ್. ಮೂಗು ಮೊಟ್ಟೆಯಷ್ಟೇ. ಅದರೊಳಗೇ ಸೀಟು, ಅದರೊಳಗೇ ನಮ್ಮ ತೂಕ. ನಿಜವಾದ ವಿಮಾನದಲ್ಲಿ ಪೈಲಟ್‌ನ ಕಾಲಡಿ ನಾಲ್ಕು 20 ಮಿ.ಮೀ. ಫಿರಂಗಿಗಳಿದ್ದವು. ನಾವೂ ಆ ಜಾಗವನ್ನೇ ತುಂಬುತ್ತೇವೆ.

ತೂಕಕ್ಕೆ ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಾಕು. ಹೇಮಾವತಿಯಲ್ಲಿ ಮೀನು ಹಿಡಿಯುವವರು ಇರುವ ಊರಿದು, ಸುಲಭವಾಗಿ ಸಿಗುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು. ಇನ್ನೊಂದು ವಿಷಯ: ಮರಕ್ಕೆ ಹಚ್ಚುವ ಬಿಳಿ ಅಂಟಿನಲ್ಲಿ ಸೀಸ ಕೂರಿಸಬೇಡಿ. ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಉಬ್ಬುತ್ತದೆ. ಕೆಲವು ವರ್ಷ ಕಳೆದರೆ ಮೂಗೇ ಬಿರುಕು ಬಿಡುತ್ತದೆ. ಎರಡು ಟ್ಯೂಬ್ ಕಲಸಿ ಹಚ್ಚುವ ಎಪಾಕ್ಸಿ ಅಂಟೇ ಸರಿ.

ಮುಚ್ಚುವ ಮೊದಲು ಭಾಗಗಳನ್ನೆಲ್ಲ ಟೇಪ್ ಸುತ್ತಿ ಹಿಡಿಸುತ್ತೇವೆ. ರೆಕ್ಕೆ, ಬಾಲ ಎಲ್ಲವೂ ಇರಬೇಕು. ಹಿಂದಿನ ಚಕ್ರ ಬರುವ ಜಾಗಕ್ಕೆ ಪೆನ್ಸಿಲ್ ಅಡ್ಡ ಕೊಟ್ಟು ಕೈ ಬಿಟ್ಟರೆ ಮೂಗು ತಾನಾಗಿ ಕೆಳಗೆ ಬಾಗಬೇಕು. ಅಲ್ಲಾಡುತ್ತಾ ಅನುಮಾನದಲ್ಲಿ ನಿಂತರೆ ಇನ್ನೊಂದು ಗುಂಡು ಹಾಕಬೇಕು. ಹಾಗಂತ ಸುಮ್ನೆ ತುರುಕಿದರೆ ಪ್ಲಾಸ್ಟಿಕ್ ಕಾಲು ಬಾಗುತ್ತದೆ.

ಸಕಲೇಶಪುರದ ಕಡೆಯ ಒಬ್ಬರು, ಏರ್‌ಫೋರ್ಸ್‌ನಲ್ಲಿ ಫಿಟ್ಟರ್ ಆಗಿದ್ದವರು, ತಮ್ಮ ಹಂಟರ್ ತಗೊಂಡು ಹೋಗಲು ಬಂದಿದ್ದರು. ಬಣ್ಣ, ನಂಬರ್ ಯಾವುದನ್ನೂ ನೋಡಲಿಲ್ಲ. ಮೇಜಿನ ಮಟ್ಟಕ್ಕೆ ಬಗ್ಗಿ ಬದಿಯಿಂದ ನೋಡಿದರು. "ನಿಂತಿರೋ ರೀತಿ ಸರಿಯಾಗಿದೆ ಕಣಪ್ಪ. ಮೂಗಿನ ಮೇಲೆ ಭಾರ ಬಿದ್ದಿರೋದು ಗೊತ್ತಾಗ್ತದೆ," ಅಂದರು. ನನಗೆ ಅದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಬೇಡ.

ಮಿಗ್-15 ಮಾಡುವವರು ಇನ್ನೂ ಮುಂಚೆ ಯೋಚಿಸಬೇಕು. ಅದರ ಮೂಗೇ ಗಾಳಿ ನುಂಗುವ ಬಾಯಿ. ಗುಂಡುಗಳನ್ನು ಆ ಗಾಳಿ ಹೋಗುವ ಕೊಳವೆಯ ಸುತ್ತ, ಸೀಟಿನ ಕೆಳಗೆ ಹಂಚಿ ಅಂಟಿಸಬೇಕು. ನ್ಯಾಟ್ ವಾಸಿ. ಅದರ ಗಾಳಿಯ ದಾರಿ ಎರಡೂ ಪಕ್ಕದಲ್ಲಿದೆ, ಮೂಗು ಪೂರ್ತಿ ನಮ್ಮದೇ. ಹೊಸ ಹುಡುಗರ ಕೈಗೆ ನಾನು ಮೊದಲು ಕೊಡುವುದು ಅದನ್ನೇ.