ಎಲ್ಲರಿಗೂ ಇದೇನಾ?

ಕಳೆದ ಭಾನುವಾರ ಅಮ್ಮನ ಮದುವೆಯಾಯಿತು. ಅಮ್ಮನಿಗೆ 63 ವರ್ಷ, ಅವರಿಗೆ 67. ನೋಂದಣಿ ಪುಸ್ತಕದಲ್ಲಿ ಇಬ್ಬರೂ ಸಹಿ ಹಾಕಿದರು, ಸಾಕ್ಷಿಗಳಾಗಿ ನಾನೂ ಅವರ ಮಗಳೂ ಸಹಿ ಹಾಕಿದೆವು, ಬಳಿಕ ನಮ್ಮ ಮನೆಗೆ ಬಂದು ಹದಿನಾಲ್ಕು ಮಂದಿ ಒಟ್ಟಿಗೆ ಕುಳಿತು ಊಟ ಮಾಡಿದೆವು. ಅವರಿಬ್ಬರೂ ಬಯಸಿದ್ದು ಇಷ್ಟನ್ನೇ. ಊಟ ಮುಗಿದು ನಾನು ಕೇಕಿನ ತುಂಡುಗಳನ್ನು ಹಂಚುತ್ತಿದ್ದಾಗ ಅವರು ತಮ್ಮ ತಟ್ಟೆಯನ್ನೊಮ್ಮೆ, ಪಕ್ಕದವರ ತಟ್ಟೆಯನ್ನೊಮ್ಮೆ ನೋಡಿ, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು.

"ಎಲ್ಲರಿಗೂ ಇದೇನಾ?"

"ಹೌದು, ಎಲ್ಲರಿಗೂ ಇದೇ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಟ್ಟೆಯನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಿಂದರು. ಐದು ದಿನಗಳಾದವು, ಪಾತ್ರೆ ತೊಳೆಯುವಾಗ, ರಾತ್ರಿ ದೀಪ ಆರಿಸುವಾಗ, ಮೇಜಿನ ಮೇಲಿಟ್ಟ ಆ ಕನ್ನಡಕ ಕಣ್ಣ ಮುಂದೆ ಬರುತ್ತಲೇ ಇದೆ.

ಅವರಿಗೆ ಸಕ್ಕರೆ ಕಾಯಿಲೆ ಬಂದು 21 ವರ್ಷಗಳಾಗಿವೆ. ಇಷ್ಟು ಕಾಲದಲ್ಲಿ ಅವರು ಎಷ್ಟು ಮದುವೆಗಳ, ಎಷ್ಟು ಹುಟ್ಟುಹಬ್ಬಗಳ ಊಟಕ್ಕೆ ಕುಳಿತಿರಬಹುದು, ಎಷ್ಟು ಸಲ ಬಡಿಸುವವರು ಅವರ ಮುಂದೆ ನಿಂತು "ಅಯ್ಯೋ, ನಿಮಗೆ ಇದು ಆಗುವುದಿಲ್ಲ ಅಲ್ಲವೇ" ಎನ್ನುತ್ತ ಪಾತ್ರೆಯನ್ನು ಮುಂದಕ್ಕೆ ಒಯ್ದಿರಬಹುದು ಎಂಬುದನ್ನು ನಾನು ಆ ಕ್ಷಣದವರೆಗೂ ಯೋಚಿಸಿರಲಿಲ್ಲ. ಹಾಗೆ ಹೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಕಾಳಜಿಯಿಂದಲೇ ಹೇಳುತ್ತಾರೆ, ಆದರೆ ಕುಳಿತವರಿಗೆಲ್ಲ ಕೇಳಿಸುವಂತೆ ಹೇಳುತ್ತಾರೆ.

ನನ್ನ ಮೊದಲ ಯೋಜನೆಯೂ ಅದೇ ಬಗೆಯದಾಗಿತ್ತು. ಅತಿಥಿಗಳಿಗೆ ಮೈದಾ, ಸಕ್ಕರೆ, ಬೆಣ್ಣೆಯ ದೊಡ್ಡ ಕೇಕು. ಅವರೊಬ್ಬರಿಗೆ ಬಾದಾಮಿ ಹಿಟ್ಟಿನ, ಅಂಗೈಯಗಲದ ಇನ್ನೊಂದು. ಇದನ್ನು ಅಮ್ಮನಿಗೆ ಹೇಳುವಾಗ, ಎಷ್ಟು ಮುಂದಾಲೋಚನೆ ನಿನ್ನದು ಎಂಬ ಮಾತನ್ನು ನಾನು ನಿರೀಕ್ಷಿಸಿದ್ದೆ. ಅಮ್ಮ ಮಡಚುತ್ತಿದ್ದ ಬಟ್ಟೆಯನ್ನು ಮಡಿಲಿಗಿಳಿಸಿ, "ಅವತ್ತೂ ಅವರಿಗೆ ಬೇರೆ ತಟ್ಟೆಯೇನೇ?" ಎಂದಳು. ಮತ್ತೇನೂ ಹೇಳಲಿಲ್ಲ. ನನಗೆ ಮುಖ ಎತ್ತಲಾಗಲಿಲ್ಲ.

ಒಂದೇ ಕೇಕು ಎಂದಾಯಿತು. ಹದಿನಾಲ್ಕು ಮಂದಿಯೂ ಅದನ್ನು ಇಷ್ಟಪಟ್ಟು ತಿನ್ನಬೇಕು, ಯಾರ ಬಾಯಿಗೂ ಅದು ಪಥ್ಯವೆನ್ನಿಸಬಾರದು. ವರ್ಷಗಳಿಂದ ಕೇಕು ಮಾಡಿದ ಕೈ ನನ್ನದು. ಆದರೂ ಆ ಮೂರು ವಾರ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. ಮೈದಾದ ಕೇಕಿನಲ್ಲಿ ಉಬ್ಬಿದ್ದನ್ನು ಹಿಡಿದು ನಿಲ್ಲಿಸಲು ಪಿಷ್ಟವಿರುತ್ತದೆ, ಗ್ಲುಟೆನ್ ಇರುತ್ತದೆ. ಬಾದಾಮಿ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ, ಪಿಷ್ಟ ತೀರ ಕಡಿಮೆ, ತೂಕದ ಅರ್ಧದಷ್ಟು ಎಣ್ಣೆಯ ಅಂಶ. ಹಾಗಾಗಿ ಇಡೀ ಭಾರವನ್ನು ಮೊಟ್ಟೆಯೇ ಹೊರಬೇಕು. ಇದನ್ನು ಓದಿ ತಿಳಿದಿದ್ದರೂ ಮೊದಲ ಸಲ ನಾನು ರೂಢಿಯಂತೆ 180 ಡಿಗ್ರಿಯ ಒಲೆಯಲ್ಲೇ ಇಟ್ಟೆ. ಬಾದಾಮಿ ಬೇಗ ಕೆಂಪಾಗುತ್ತದೆ. ಮೇಲ್ಭಾಗ ಕಂದಾಗಿ ಬೆಂದಂತೆ ಕಂಡಿತು, ಒಳಗೆ ಇನ್ನೂ ಹಸಿಯಾಗಿತ್ತು, ಹೊರಗೆ ತೆಗೆದ ಹತ್ತು ನಿಮಿಷಗಳಲ್ಲಿ ನಡುಭಾಗ ಕುಸಿದು ಬಟ್ಟಲಿನಂತಾಯಿತು.

ಎರಡನೆಯದು ಕುಸಿಯಲಿಲ್ಲ, ಆದರೆ ಅದರ ಸಿಹಿ ಸರಿಯಿರಲಿಲ್ಲ. ಸಕ್ಕರೆಯ ಬದಲು ನಾನು ಬಳಸಿದ್ದು ಎರಿಥ್ರಿಟಾಲ್. ರಕ್ತದ ಸಕ್ಕರೆಯನ್ನು ಅದು ಹೆಚ್ಚುಕಡಿಮೆ ಏರಿಸುವುದೇ ಇಲ್ಲ. ಸಕ್ಕರೆಯ ಸಿಹಿಯಲ್ಲಿ ನೂರಕ್ಕೆ ಸುಮಾರು 70 ಭಾಗದಷ್ಟೇ ಅದಕ್ಕಿರುವುದರಿಂದ, ಸರಿದೂಗಿಸಲೆಂದು ನಾನು ಹೆಚ್ಚು ಸುರಿದಿದ್ದೆ. ಕೇಕು ಆರಿದ ಮೇಲೆ ಅದು ಮತ್ತೆ ಹರಳುಗಟ್ಟಿ ಹಲ್ಲಿಗೆ ಮರಳಿನಂತೆ ಸಿಕ್ಕಿತು. ಅದಲ್ಲದೆ, ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವ ಗುಣ ಅದಕ್ಕಿರುವುದರಿಂದ ನಾಲಿಗೆಯ ಮೇಲೆ ಪುದೀನದಂಥ ತಂಪು ಉಳಿಯಿತು. ಸಕ್ಕರೆ ಕೇವಲ ಸಿಹಿ ಕೊಡುವ ಪದಾರ್ಥವೆಂದು ತಿಳಿದಿದ್ದ ನನಗೆ, ಕೇಕಿನ ತೇವವನ್ನು ಹಿಡಿದಿಡುವುದು, ತಿರುಳನ್ನು ಮೃದುವಾಗಿಸುವುದು, ಮೇಲ್ಮೈಗೆ ಹೊಂಬಣ್ಣ ತರುವುದು ಕೂಡ ಅದರ ಕೆಲಸವೇ ಎಂಬುದು ಅದನ್ನು ತೆಗೆದುಹಾಕಿದ ಮೇಲಷ್ಟೇ ಕೈಗೆ ತಿಳಿಯಿತು.

ಮೂರನೆಯ ಸಲ ಎರಿಥ್ರಿಟಾಲನ್ನು ನುಣ್ಣಗೆ ಪುಡಿಮಾಡಿ ಅಳತೆ ಇಳಿಸಿದೆ, ಕಡಿಮೆಯಾದ ಸಿಹಿಗೆ ಜೊತೆಯಾಗಿ ನಿಂಬೆಯ ಸಿಪ್ಪೆಯನ್ನು ತುರಿದು ಹಾಕಿದೆ. 300 ಗ್ರಾಂ ಬಾದಾಮಿ ಹಿಟ್ಟು, ಆರು ಮೊಟ್ಟೆ. ಬಿಳಿಭಾಗವನ್ನು ಬೇರೆಯಾಗಿ ನೊರೆಗಟ್ಟುವವರೆಗೆ ಕಡೆದು ಕೊನೆಯಲ್ಲಿ ಮೆಲ್ಲಗೆ ಬೆರೆಸಿದೆ. ತೇವ ಹಿಡಿಯಲೆಂದು ಒಂದು ಚಮಚ ಇಸಬ್‌ಗೋಲ್ ಪುಡಿ. ಒಲೆಯನ್ನು 160 ಡಿಗ್ರಿಗೆ ಇಳಿಸಿ, ಅರ್ಧ ಗಂಟೆಯ ನಂತರ ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಒಟ್ಟು 50 ನಿಮಿಷ ಬೇಯಿಸಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಪೂರ್ತಿ ಆರುವವರೆಗೆ ಅಚ್ಚಿನಿಂದ ತೆಗೆಯಲಿಲ್ಲ. ಇಂಥ ಕೇಕು ಬಿಸಿಯಲ್ಲಿ ಮುಟ್ಟಿದರೆ ಉದುರುತ್ತದೆ, ಆರುತ್ತ ಆರುತ್ತ ಗಟ್ಟಿಯಾಗುತ್ತದೆ. ಆ ರಾತ್ರಿ ಒಂದು ತುಂಡು ಕತ್ತರಿಸಿ ತಿಂದು, ಇದನ್ನು ಯಾರ ಮುಂದೆ ಬೇಕಾದರೂ ಇಡಬಹುದೆಂದು ನಿಶ್ಚಿಂತೆಯಿಂದ ಮಲಗಿದೆ.

ಚಿಕ್ಕಮ್ಮ ಫೋನಿನಲ್ಲಿ, "ಮದುವೆಯ ದಿನವೂ ಪಥ್ಯವೇ? ಒಂದು ದಿನ ಸಕ್ಕರೆ ತಿಂದರೆ ಏನಾಗಿಬಿಡುತ್ತದೆ?" ಎಂದಳು. ಚಿಕ್ಕಮ್ಮ ಒಳ್ಳೆಯವಳು, ನಮ್ಮ ಮನೆಯ ಪ್ರತಿಯೊಂದು ಕಷ್ಟಕ್ಕೂ ಮೊದಲು ಓಡಿಬಂದವಳು. ಆದರೆ ಪರರ ಕಾಯಿಲೆಯನ್ನು ಹಟವೆಂದು ತಿಳಿಯುವ ಅಭ್ಯಾಸ ಅವಳಿಗಿದೆ. ಈ "ಒಂದು ದಿನ" ಅವರನ್ನು 21 ವರ್ಷಗಳಿಂದ ಪ್ರತಿಯೊಂದು ಮನೆಯಲ್ಲೂ ಎದುರುಗೊಂಡಿದೆ. ಒಂದು ಮನೆಯಲ್ಲಿ ಆಗುವುದಿಲ್ಲವೆಂದು ಪಾತ್ರೆ ಮುಂದೆ ಹೋಗುತ್ತದೆ, ಇನ್ನೊಂದು ಮನೆಯಲ್ಲಿ ಒಂದೇ ದಿನವಲ್ಲವೇ ಎಂದು ಬಲವಂತವಾಗಿ ಬಡಿಸುತ್ತಾರೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕವನ್ನು ಒಟ್ಟಾಗಿ ಹೇಳುತ್ತದೆ. ಅವುಗಳಲ್ಲಿ ಸಂಭ್ರಮದ ದಿನ ಯಾವುದು, ಸಾಮಾನ್ಯ ದಿನ ಯಾವುದು ಎಂದು ಅದು ಬಿಡಿಸಿ ನೋಡುವುದಿಲ್ಲ.

ಅವರ ಮಗಳು ಮಾತ್ರ ಕೇಳಬೇಕಾದ್ದನ್ನೇ ಕೇಳಿದಳು. ಒಂದು ತುಂಡಿನಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ ಎಂದು ಸಂದೇಶ ಕಳಿಸಿದಳು. ಅವಳೆಡೆಗಿದ್ದ ನನ್ನ ಬಿಗುಮಾನ ಆ ಒಂದು ಪ್ರಶ್ನೆಯಿಂದ ಸಡಿಲಿತು. ಅವರು ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಮಾಮೂಲಿ ಕೇಕೆಂದು ಎಣಿಸಿ ಹೆಚ್ಚು ತೆಗೆದುಕೊಂಡರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಕಡಿಮೆ ಕಾರ್ಬೋಹೈಡ್ರೇಟಿನ ತಿಂಡಿ ಮಾಡಿ ಕೊಡುವವರು ಆ ಮಾತನ್ನು ಮೊದಲೇ ತಿಳಿಸಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಕುಳಿತು ಲೆಕ್ಕ ಹಾಕಿದೆ. ಹದಿನಾರು ತುಂಡು ಮಾಡಿದರೆ, ನಾರನ್ನೂ ಎರಿಥ್ರಿಟಾಲನ್ನೂ ಕಳೆದು, ಮೇಲಿನ ಕೆನೆಯನ್ನು ಸೇರಿಸಿ, ತುಂಡಿಗೆ ಎರಡೂವರೆ ಗ್ರಾಮಿನ ಹತ್ತಿರ. ಅಷ್ಟೇ ತೂಕದ ಮೈದಾಕ್ಕೆ ಮಾಮೂಲಿನಂತೆ ಸಕ್ಕರೆ ಬೆರೆಸಿ ಮಾಡಿದ್ದರೆ ಅದು 30 ಗ್ರಾಮಿಗೆ ಕಡಿಮೆಯಾಗುತ್ತಿರಲಿಲ್ಲ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಕ್ಯಾಲೊರಿ ಕಡಿಮೆಯೇನಲ್ಲ ಎಂಬುದನ್ನೂ ಬರೆದೆ. "ಗೊತ್ತು, ಒಂದೇ ತುಂಡು ಕೊಡಿ, ಆದರೆ ಎಲ್ಲರಿಗೆ ಕೊಡುವಷ್ಟೇ ದೊಡ್ಡದನ್ನು ಕೊಡಿ" ಎಂದು ಅವಳು ಉತ್ತರಿಸಿದಳು.

ಅಣ್ಣ ಮದುವೆಗೆ ಬಂದ. ಬರುತ್ತಾನೋ ಇಲ್ಲವೋ ಎಂದು ಬೆಳಗಿನವರೆಗೂ ಗೊತ್ತಿರಲಿಲ್ಲ, ಏಕೆಂದರೆ ಮೂರು ವಾರಗಳಿಂದ ಅವನು ಅಮ್ಮನೊಡನೆ ಮಾತು ಬಿಟ್ಟಿದ್ದ. ಅಪ್ಪನ ಜಾಗದಲ್ಲಿ ಇನ್ನೊಬ್ಬರನ್ನು ನೋಡಲಾರೆ ಎಂಬುದು ಅವನ ನೋವು, ಅದು ನನಗೂ ಅರ್ಥವಾಗುತ್ತದೆ, ನನ್ನೊಳಗೂ ಅದರ ಒಂದು ಚೂರು ಇದೆ. ಆದರೆ ಅಪ್ಪ ಹೋದ ಮೇಲಿನ ಒಂಬತ್ತು ವರ್ಷಗಳಲ್ಲಿ ಅಮ್ಮ ರಾತ್ರಿ ಏನು ಉಣ್ಣುತ್ತಾಳೆ ಎಂದು ಅವನು ಒಮ್ಮೆಯಾದರೂ ಕೇಳಿದ್ದಿದ್ದರೆ ಅವನ ಕೋಪಕ್ಕೆ ನಾನು ಇನ್ನಷ್ಟು ತಲೆಬಾಗುತ್ತಿದ್ದೆ. ಅಮ್ಮ ಒಲೆಯ ಪಕ್ಕದಲ್ಲಿ ನಿಂತೇ, ಬೇಯಿಸಿದ ಪಾತ್ರೆಯಿಂದಲೇ ನಾಲ್ಕು ತುತ್ತು ತಿಂದು ಮುಗಿಸುತ್ತಿದ್ದಳು. ಒಬ್ಬಳಿಗಾಗಿ ತಟ್ಟೆ ಯಾಕೆ, ತೊಳೆಯುವ ಕೆಲಸ ಬೇರೆ ಎನ್ನುತ್ತಿದ್ದಳು. ಒಂದು ಸಂಜೆ ಮುಂಚೆ ತಿಳಿಸದೆ ಹೋದಾಗ ನಾನು ಅದನ್ನು ಕಣ್ಣಾರೆ ಕಂಡೆ. ನನ್ನನ್ನು ನೋಡಿದ ಕೂಡಲೇ ಅವಳು ಪಾತ್ರೆಗೆ ಮುಚ್ಚಳ ಹಾಕಿದ ರೀತಿಯನ್ನು ನಾನು ಮರೆತಿಲ್ಲ.

ಮದುವೆಯ ಸುದ್ದಿ ತಿಳಿದವರೆಲ್ಲ ಒಂದೇ ಮಾತು ಆಡಿದರು: ಒಳ್ಳೆಯದಾಯಿತು, ವಯಸ್ಸಾದ ಮೇಲೆ ಒಬ್ಬರಿಗೊಬ್ಬರು ಆಸರೆ ಬೇಕಲ್ಲ, ಅವರ ಮಾತ್ರೆ ನೋಡಿಕೊಳ್ಳಲು ಒಬ್ಬರಾದರು, ನಿಮ್ಮಮ್ಮನಿಗೂ ಮನೆಯಲ್ಲಿ ಒಂದು ದನಿ. ಈ ಮಾತು ನನಗೆ ಕೇಳಿದಷ್ಟು ಸಲವೂ ಚುಚ್ಚಿದೆ. ಇಪ್ಪತ್ತೈದು ವರ್ಷದವರು ಮದುವೆಯಾದರೆ ಅವರಿಗೆ ಯಾರು ಯಾವ ಕೆಲಸಕ್ಕೆ ಒದಗುತ್ತಾರೆ ಎಂದು ನಾವು ಎಣಿಸುವುದಿಲ್ಲ, ಅವರ ಸಂತೋಷವನ್ನು ಸಂತೋಷವೆಂದೇ ಕರೆಯುತ್ತೇವೆ. ಅರವತ್ತು ದಾಟಿದವರ ಸಂತೋಷಕ್ಕೆ ಮಾತ್ರ ಕಾರಣ ಕೇಳುತ್ತೇವೆ, ಕಾರಣ ಸಿಕ್ಕಿದರೆ ಒಪ್ಪಿಕೊಳ್ಳುತ್ತೇವೆ. ಅವರಿಬ್ಬರೂ ಫೋನಿನಲ್ಲಿ ಮಾತಾಡುವಾಗ ಅಮ್ಮ ನಗುವುದನ್ನು ಪಕ್ಕದ ಕೋಣೆಯಿಂದ ಕೇಳಿದ್ದೇನೆ. ಆ ನಗು ಮಾತ್ರೆ ಡಬ್ಬಿಯ ಲೆಕ್ಕದಿಂದ ಹುಟ್ಟಿದ್ದಲ್ಲ.

"ಅವತ್ತೂ ಅವರಿಗೆ ಬೇರೆ ತಟ್ಟೆಯೇನೇ?" ಎಂದು ಅಮ್ಮ ಕೇಳಿದಾಗ ನಾನು ಅದನ್ನು ಅವರೊಬ್ಬರ ಪರವಾದ ಮಾತೆಂದು ತಿಳಿದಿದ್ದೆ. ಈ ಐದು ದಿನಗಳಲ್ಲಿ ಅದು ಅವಳ ಮಾತೂ ಹೌದೆಂದು ಅನ್ನಿಸತೊಡಗಿದೆ. ಒಂಬತ್ತು ವರ್ಷ ನಾವು ಸೇರಿದ ಕಡೆಯಲ್ಲೆಲ್ಲ, ಜೋಡಿಗಳು ಕುಳಿತ ಮೇಲೆ ಉಳಿದ ಕುರ್ಚಿ ಅವಳದಾಗುತ್ತಿತ್ತು. ಅವಳು ಬಂದೊಡನೆ ಗಂಡ ಹೆಂಡಿರ ತಮಾಷೆಗಳು ನಿಲ್ಲುತ್ತಿದ್ದವು. ಪ್ರವಾಸದ ಮಾತು ಎತ್ತಿದವರು ಅವಳ ಮುಖ ನೋಡಿ ಮಾತು ತಿರುಗಿಸುತ್ತಿದ್ದರು. ನಾನೂ ತಿರುಗಿಸಿದ್ದೇನೆ. ಅದು ಮರುಕ ಎಂದುಕೊಂಡಿದ್ದೆವು. ಅವಳ ಮುಂದೆಯೂ ನಾವು ಪಾತ್ರೆಯನ್ನು ಮುಂದಕ್ಕೆ ಒಯ್ಯುತ್ತಿದ್ದೆವು.

ಅವರನ್ನು ಏನೆಂದು ಕರೆಯಬೇಕೆಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಒಂದು ವರ್ಷದಿಂದ "ಸರ್" ಎನ್ನುತ್ತ ಬಂದಿದ್ದೇನೆ. ಭಾನುವಾರದ ನಂತರ ಆ ಪದ ಮನೆಯೊಳಗಿನ ಮಾತಿಗೆ ಒಗ್ಗುತ್ತಿಲ್ಲ. ಅಪ್ಪ ಎನ್ನಲಾರೆ, ಹಾಗೆ ಕರೆಯಬೇಕೆಂದು ಅವರೂ ಬಯಸುವವರಲ್ಲ. ಚಿಕ್ಕಪ್ಪ, ದೊಡ್ಡಪ್ಪ, ಮಾವ, ಎಲ್ಲ ಪದಗಳಿಗೂ ನಮ್ಮಲ್ಲಿ ಆಗಲೇ ಒಬ್ಬೊಬ್ಬರಿದ್ದಾರೆ. ಮಲತಂದೆ ಎಂಬ ಪದ ಇದೆಯಾದರೂ ಅದು ಇನ್ನೊಬ್ಬರಿಗೆ ಪರಿಚಯಿಸಲು ಬಂದೀತೇ ಹೊರತು ಎದುರಿಗೆ ನಿಂತು ಕರೆಯಲು ಬಾರದು. ಆದ್ದರಿಂದ ಈ ಬರಹದ ಉದ್ದಕ್ಕೂ ಅವರು "ಅವರು" ಆಗಿಯೇ ಉಳಿದಿದ್ದಾರೆ.

ಅಂದು ಉಳಿದ ಎರಡು ತುಂಡುಗಳನ್ನು ಅಮ್ಮ ಡಬ್ಬಿಗೆ ಹಾಕಿಕೊಂಡು ಹೋದಳು. ನಿನ್ನೆ ಸಂಜೆ ಅಮ್ಮನ ನಂಬರಿನಿಂದ ಫೋನು ಬಂತು, ಎತ್ತಿದರೆ ಅವರ ದನಿ. "ನಾನಮ್ಮಾ, ನಾನು..." ಎಂದು ಅಲ್ಲಿಗೇ ನಿಂತರು. ತಮ್ಮನ್ನು ಏನೆಂದು ಹೇಳಿಕೊಳ್ಳಬೇಕೆಂದು ಅವರಿಗೂ ತೋಚಲಿಲ್ಲ. ಒಂದು ಗಳಿಗೆ ಇಬ್ಬರೂ ಸುಮ್ಮನಿದ್ದೆವು. ಕೊನೆಗೆ ಅವರೇ, "ಮನೆಯಿಂದ ಮಾತಾಡ್ತಾ ಇದ್ದೀನಿ" ಎಂದರು.

ಅವರು ಕೇಕು ಮಾಡಿದ್ದರಂತೆ. ಅಮ್ಮನಿಗೆ ತಿಳಿಸದೆ, ನಾನು ಅವರ ಮಗಳಿಗೆ ಕಳಿಸಿದ ಅಳತೆಯನ್ನು ನೋಡಿ. ನಡುಭಾಗ ಕುಸಿದಿದೆ, ಎಲ್ಲಿ ತಪ್ಪಿದೆ ಎಂದು ಕೇಳಿದರು. ಒಲೆ ಎಷ್ಟು ಡಿಗ್ರಿಯಲ್ಲಿತ್ತು ಎಂದು ಕೇಳಿದೆ. 180 ಎಂದರು.

"160ಕ್ಕೆ ಇಳಿಸಿ" ಎಂದೆ, "ಆರುವವರೆಗೆ ಮುಟ್ಟಬೇಡಿ. ಕುಸಿದದ್ದನ್ನು ಎಸೆಯಬೇಡಿ, ನಡುವೆ ಕೆನೆ ತುಂಬಿ ಇಬ್ಬರೂ ತಿನ್ನಿ."

"ಇಬ್ಬರಿಗೂ ತಟ್ಟೆ ಇಟ್ಟಿದ್ದೀನಿ" ಎಂದರು.